ಲಾರಾ ವಿಆರ್‌ಎಸ್ ಸ್ಪಾರ್ಕ್ ಪ್ಲಗ್ ಬದಲಾವಣೆ: ಆರು ಭಾನುವಾರಗಳ ಲೆಕ್ಕ

ನನ್ನದು 2012ರ ಸ್ಕೋಡಾ ಲಾರಾ ವಿಆರ್‌ಎಸ್. 1.8 ಟಿಎಸ್‌ಐ ಟರ್ಬೋ ಎಂಜಿನ್, 6 ಗೇರಿನ ಮ್ಯಾನ್ಯುವಲ್. ಕಂಪನಿ ಲೆಕ್ಕದಲ್ಲಿ 160 ಪಿಎಸ್, 250 ನ್ಯೂಟನ್ ಮೀಟರ್. ಎರಡು ವರ್ಷದ ಹಿಂದೆ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿ ಶಕ್ತಿ ಏರಿಸುವುದು) ಮಾಡಿಸಿದ್ದೇನೆ, ಹಾಗಾಗಿ ಬೂಸ್ಟ್, ಅಂದರೆ ಟರ್ಬೋ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ಮೊದಲಿಗಿಂತ ಜಾಸ್ತಿ. ಈ ಕೆಲಸ ಶುರುವಾದಾಗ ಮೀಟರ್ 1,04,300 ಕಿಮೀ ತೋರಿಸುತ್ತಿತ್ತು. ಊರು ಹಾಸನ. ದಿನದ ಓಡಾಟ ಆಫೀಸಿಗೆ ಹೋಗಿ ಬರುವ ಎಂಟೆಂಟು ಕಿಮೀ, ತಿಂಗಳಿಗೊಮ್ಮೆ ಮಂಗಳೂರು.

ಪೆಟ್ರೋಲಿಗೆ ಕಿಡಿ ಕೊಡುವ ನಾಲ್ಕು ಪ್ಲಗ್ ಬದಲಾಯಿಸುವುದು ಒಂದು ಗಂಟೆ ಕೆಲಸ. ನನಗೆ ಆರು ವಾರ ಹಿಡಿಯಿತು, 13,000 ರೂಪಾಯಿ ಖರ್ಚಾಯಿತು. ಎಲ್ಲಿ ಎಡವಿದೆ ಅನ್ನುವುದನ್ನು ದಿನಾಂಕದ ಸಮೇತ ಬರೆದಿಟ್ಟುಕೊಂಡಿದ್ದೆ. ಈ ಎಂಜಿನ್ ಇರುವ ಬೇರೆಯವರಿಗೆ ಬೇಕಾಗಬಹುದು ಎಂದು ಹಾಕುತ್ತಿದ್ದೇನೆ.

8 ಸೆಪ್ಟೆಂಬರ್ 2024, ಶಿರಾಡಿ ಘಾಟ್

ಗಣೇಶ ಹಬ್ಬಕ್ಕೆ ಮಂಗಳೂರಿನ ಮಾವನ ಮನೆಗೆ ಹೋಗಿ ಮರುದಿನ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಘಾಟ್ ಹತ್ತುವಾಗ ಒಂದು ಟ್ಯಾಂಕರ್ ಹಿಂದಿಕ್ಕಲು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. 3,000 ಆರ್‌ಪಿಎಂ ಹತ್ತಿರ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ಜರ್ಕ್ ಹೊಡೆಯಿತು. ಎಂಜಿನ್ ಲೈಟ್ ಮಿಣುಕಲು ಶುರುವಾಯಿತು. ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಜೋರಾಗಿದೆ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ. ತಕ್ಷಣ ಕಾಲು ತೆಗೆದೆ. ಅಲ್ಲಿಂದ ಹಾಸನದವರೆಗೆ 2,500 ಆರ್‌ಪಿಎಂ ದಾಟದ ಹಾಗೆ ಓಡಿಸಿದೆ. ನಿಧಾನಕ್ಕೆ ಓಡಿಸಿದರೆ ಏನೂ ತೊಂದರೆ ಇಲ್ಲ, ಬೂಸ್ಟ್ ಏರಿದ ಕೂಡಲೇ ಮಿಸ್.

ಮನೆಗೆ ಬಂದು ಗಾಡಿಯ ದೋಷದ ಕೋಡ್ ಓದುವ ಒಬಿಡಿ ಡಾಂಗಲ್ ಹಾಕಿ ನೋಡಿದೆ. ಎರಡು ಕೋಡ್: ಪಿ0300, ಪಿ0304. ಮೊದಲನೆಯದು ಅಲ್ಲಲ್ಲಿ ಮಿಸ್ ಆಗುತ್ತಿದೆ ಅಂತ, ಎರಡನೆಯದು ನಾಲ್ಕನೇ ಸಿಲಿಂಡರ್ ಅಂತ. ಈ 4 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಕೋಡ್ ಅಳಿಸಿ ಹಾಕಿದೆ, ಪುಸ್ತಕದಲ್ಲಿ ಬರೆದುಕೊಂಡಿದ್ದರೂ ಆಮೇಲೆ ಆ ಪುಟ ತಿರುಗಿಸಿ ನೋಡಲೇ ಇಲ್ಲ.

ಒಂದು ವಾರ ಪೆಟ್ರೋಲ್ ಮೇಲೆ ಅನುಮಾನಪಟ್ಟು ಕಳೆದೆ. ರೀಮ್ಯಾಪ್ ಆದ ಮೇಲೆ 95 ಆಕ್ಟೇನ್ ಮಾತ್ರ ಹಾಕುತ್ತೇನೆ, ಆ ದಿನ ದಾರಿಯಲ್ಲಿ ಸಿಗದೆ ಸಾದಾ ಪೆಟ್ರೋಲ್ ಹಾಕಿಸಿದ್ದೆ. ಆದರೆ ಆಕ್ಟೇನ್ ಕಮ್ಮಿಯಾದರೆ ಇಸಿಯು (ಎಂಜಿನ್ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆದುಕೊಂಡು ಪಿಕಪ್ ಕಮ್ಮಿ ಮಾಡುತ್ತದೆ, ಹೀಗೆ ಜರ್ಕ್ ಹೊಡೆಸುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ 95 ತುಂಬಿಸಿದರೂ ಮಿಸ್ ಹಾಗೇ ಇತ್ತು.

ಆಮೇಲೆ ಸರ್ವಿಸ್ ಬಿಲ್ ಹುಡುಕಿ ನೋಡಿದರೆ ಪ್ಲಗ್ ಬದಲಾಯಿಸಿದ್ದು 46,000 ಕಿಮೀನಲ್ಲಿ. ಅಂದರೆ 58,000 ಕಿಮೀ ಹಳೆಯ ಪ್ಲಗ್! ಕಂಪನಿಯಿಂದ ಬಂದ ಹಾಗೇ ಇರುವ ಸ್ಟಾಕ್ ಗಾಡಿಗೆ 60,000ದ ಅಂತರ ಸರಿ. ಬೂಸ್ಟ್ ಏರಿಸಿದ ಗಾಡಿಗೆ ಅದರ ಅರ್ಧಕ್ಕೇ ಬದಲಾಯಿಸಬೇಕು. ಇದು ನನ್ನ ಮೊದಲ ತಪ್ಪು.

15 ಸೆಪ್ಟೆಂಬರ್, ಹಳೆಯ ಪ್ಲಗ್ ಬಿಚ್ಚಿದ್ದು

ರಾತ್ರಿಯಿಡೀ ನಿಂತ ಗಾಡಿ, ಬೆಳಿಗ್ಗೆ ಏಳು ಗಂಟೆ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತು ಬರುವ ಅಪಾಯ ಇದೆ. ಹಾಗಾಗಿ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಬೇಕು.

ಮೇಲಿನ ಪ್ಲಾಸ್ಟಿಕ್ ಕವರ್ ಎಳೆದರೆ ಬರುತ್ತದೆ. ಕೆಳಗೆ ಸಾಲಾಗಿ ನಾಲ್ಕು ಕಾಯಿಲ್, ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವವು. ಚಾಲಕನ ಕಡೆಯದು 1, ಗೇರ್‌ಬಾಕ್ಸ್ ಕಡೆಯದು 4. ಇವಕ್ಕೆ ಬೋಲ್ಟ್ ಇಲ್ಲ, ಒತ್ತಿ ಕೂರಿಸಿರುತ್ತಾರೆ. ನಾಲ್ಕಕ್ಕೂ ಒಂದೇ ವೈರಿನ ಸಾಲು, ಅದು ಗಟ್ಟಿಯಾಗಿದೆ. ಒಂದನ್ನೇ ಎಳೆಯಲು ಹೋದರೆ ಬಗ್ಗುವುದಿಲ್ಲ. ನಾಲ್ಕನ್ನೂ ಮೊದಲು ಸ್ವಲ್ಪ ಸ್ವಲ್ಪ ಮೇಲೆತ್ತಿ, ಆಮೇಲೆ ಲಾಕ್ ಬಿಡಿಸಿ ಒಟ್ಟಿಗೆ ಹಿಂದಕ್ಕೆ ಎಳೆಯಬೇಕು. 12 ವರ್ಷ ಬಿಸಿ ತಿಂದ ಪ್ಲಾಸ್ಟಿಕ್, ಒಂದನೇ ಕನೆಕ್ಟರಿನ ಲಾಕ್ ನನ್ನ ಬೆರಳಿಗೇ ಮುರಿದು ಬಂತು.

ಕಾಯಿಲ್ ಎಳೆಯಲು ಸರಿಯಾದ ಪುಲ್ಲರ್ ಇದೆ. ನನ್ನ ಹತ್ತಿರ ಇರಲಿಲ್ಲ. 1, 2, 4 ಕೈಯಲ್ಲೇ ಅಲ್ಲಾಡಿಸಿ ಬಂದವು. ಮೂರನೆಯದು ಕದಲಲಿಲ್ಲ, ಕೆಳಗಿನ ರಬ್ಬರ್ ಪ್ಲಗ್ಗಿಗೆ ಅಂಟಿಕೊಂಡಿತ್ತು. ಚಪ್ಪಟೆ ಸ್ಕ್ರೂಡ್ರೈವರ್ ಅದರ ಕುತ್ತಿಗೆಗೆ ಕೊಟ್ಟು ಮೀಟಿದೆ. "ಕಟ್" ಅಂತ ಸಣ್ಣ ಶಬ್ದ ಬಂತು, ಕಾಯಿಲ್ ಮೇಲೆ ಬಂತು. ರಬ್ಬರ್ ಬಿಟ್ಟ ಶಬ್ದ ಎಂದುಕೊಂಡು ಮುಂದಿನ ಕೆಲಸ ನೋಡಿದೆ. ಈ ಇಡೀ ಬರಹದಲ್ಲಿ ದೊಡ್ಡ ತಪ್ಪು ಇದೇ. ಅದು ಗೊತ್ತಾಗಲು ಇನ್ನೂ ನಾಲ್ಕು ವಾರ ಬೇಕಾಯಿತು.

ಪ್ಲಗ್ ಗುಂಡಿಗಳಲ್ಲಿ ಮರಳು, ಧೂಳು ಕೂತಿತ್ತು. ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಚೆನ್ನಾಗಿ ಊದಿ ತೆಗೆದೆ. ಇದನ್ನು ಪ್ಲಗ್ ಬಿಚ್ಚುವ ಮೊದಲೇ ಮಾಡಬೇಕು, ಬಿಚ್ಚಿದ ಮೇಲೆ ಊದಿದರೆ ಅಷ್ಟೂ ಸಿಲಿಂಡರಿನ ಒಳಗೆ ಹೋಗುತ್ತದೆ.

ಮನೆಯಲ್ಲಿದ್ದ 21 ಎಂಎಂ ಪ್ಲಗ್ ಸಾಕೆಟ್ ಇದಕ್ಕೆ ಬರುವುದಿಲ್ಲ, 16 ಎಂಎಂ ಬೇಕು. ಹಾಸನದಲ್ಲೇ 340 ರೂಪಾಯಿಗೆ ಒಳಗೆ ರಬ್ಬರ್ ಇರುವ ಸಾಕೆಟ್ ಸಿಕ್ಕಿತ್ತು. ಮೊದಲ ಪ್ಲಗ್ ಸಡಿಲಿಸಿ ಎಳೆದರೆ ಎಕ್ಸ್‌ಟೆನ್ಶನ್ ರಾಡ್ ಮಾತ್ರ ಮೇಲೆ ಬಂತು, ಸಾಕೆಟ್ ಪ್ಲಗ್ ಹಿಡಿದುಕೊಂಡು ಒಳಗೇ ಉಳಿಯಿತು. ಉದ್ದ ಮೂತಿಯ ಇಕ್ಕಳದಲ್ಲಿ ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ರಾಡ್ ಮತ್ತು ಸಾಕೆಟ್ ಸೇರುವ ಜಾಗಕ್ಕೆ ಇನ್ಸುಲೇಷನ್ ಟೇಪ್ ನಾಲ್ಕು ಸುತ್ತು ಸುತ್ತಿದ ಮೇಲೆ ಆ ತೊಂದರೆ ಬರಲಿಲ್ಲ.

ರಟ್ಟಿನಲ್ಲಿ 1, 2, 3, 4 ಎಂದು ಬರೆದು ತೂತು ಮಾಡಿ ಪ್ಲಗ್‌ಗಳನ್ನು ಅದೇ ಕ್ರಮದಲ್ಲಿ ನಿಲ್ಲಿಸಿದೆ. ಕಂಪನಿಯಿಂದ ಬರುವ ನಮೂನೆಯದೇ, ಎನ್‌ಜಿಕೆ ಪಿಎಫ್‌ಆರ್7ಎಸ್8ಇಜಿ. ಹೊಸದರಲ್ಲಿ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಅಂತರ) 0.8 ಎಂಎಂ. ಈಗ ಅಳೆದಾಗ:

1 – 0.95
2 – 1.0
3 – 0.95
4 – 1.1

ನಾಲ್ಕರ ಬಣ್ಣವೂ ತಿಳಿ ಕಂದು. ಎಣ್ಣೆ ಇಲ್ಲ, ಬಿಳಿ ಗುಳ್ಳೆ ಇಲ್ಲ, ಕರಗಿದ ಗುರುತಿಲ್ಲ. ಅಂದರೆ ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎನ್ನುವ ಅಳತೆ) ಸರಿಯಾಗೇ ಇತ್ತು, ಸವೆದು ಗ್ಯಾಪ್ ದೊಡ್ಡದಾಗಿತ್ತು ಅಷ್ಟೇ. ಗ್ಯಾಪ್ ದೊಡ್ಡದಾದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು, ಬೂಸ್ಟ್ ಏರಿದಾಗ ಇನ್ನೂ ಜಾಸ್ತಿ. ನಾಲ್ಕನೇ ಪ್ಲಗ್ ಎಲ್ಲಕ್ಕಿಂತ ಸವೆದಿತ್ತು, ಕೋಡ್ ಬಂದದ್ದೂ 4ಕ್ಕೇ. ಲೆಕ್ಕ ಸರಿಯಾಗಿ ತಾಳೆಯಾಗುತ್ತಿತ್ತು.

ಹೊಸ ಪ್ಲಗ್ ಬರುವವರೆಗೆ ಗಾಡಿ ಬೇಕಲ್ಲ, ಹಳೆಯದರ ಗ್ಯಾಪನ್ನೇ ಜೋಪಾನವಾಗಿ 0.8ಕ್ಕೆ ತಂದು ವಾಪಸ್ ಹಾಕಿದೆ. ಆಫೀಸಿಗೆ ಹೋಗಿ ಬರಲು ಏನೂ ತೊಂದರೆ ಆಗಲಿಲ್ಲ.

ಪ್ಲಗ್ ಆಯ್ಕೆ

ಎನ್‌ಜಿಕೆ ನಂಬರ್ ಓದುವುದು ಕಲಿತರೆ ಅರ್ಧ ಗೊಂದಲ ಹೋಗುತ್ತದೆ. ನನ್ನ ಪಟ್ಟಿಯಲ್ಲಿ ನಾಲ್ಕಿದ್ದವು.

ಸ್ಟಾಕ್ ಪಿಎಫ್‌ಆರ್7ಎಸ್8ಇಜಿ: ಪ್ಲಾಟಿನಂ, ಹೀಟ್ ರೇಂಜ್ 7.
ಬಿಕೆಆರ್7ಇ: ಸಾದಾ ನಿಕ್ಕಲ್ ತುದಿಯದು, ರೇಂಜ್ 7, ಅಗ್ಗ, ಆದರೆ ಬೇಗ ಸವೆಯುತ್ತದೆ.
ಬಿಕೆಆರ್7ಇಐಎಕ್ಸ್: ಇರಿಡಿಯಂ, ರೇಂಜ್ 7.
ಬಿಕೆಆರ್8ಇಐಎಕ್ಸ್: ಇರಿಡಿಯಂ, ರೇಂಜ್ 8.

ನಾಲ್ಕೂ 14 ಎಂಎಂ ಥ್ರೆಡ್, 19 ಎಂಎಂ ಉದ್ದ, 16 ಎಂಎಂ ಷಡ್ಭುಜ. ನಡುವೆ ಇರುವ ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ ಎಂದು. ಎನ್‌ಜಿಕೆ, ಡೆನ್ಸೋ ಎರಡರಲ್ಲೂ ಸಂಖ್ಯೆ ಜಾಸ್ತಿಯಾದರೆ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್‌ನಲ್ಲಿ ಉಲ್ಟಾ. ಎನ್‌ಜಿಕೆಯ 7ಕ್ಕೆ ಡೆನ್ಸೋದ 22 ಸಮ. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಇದನ್ನು ನೋಡದೆ ತಗೊಂಡು ಎಂಜಿನ್ ಕೆಡಿಸಿಕೊಳ್ಳಬೇಡಿ.

"ರೀಮ್ಯಾಪ್ ಆಗಿದ್ರೆ ಒಂದು ಸ್ಟೆಪ್ ಕೋಲ್ಡ್ ಹಾಕ್ಬೇಕು" ಎಂದು ಗೊತ್ತಿದ್ದವರೆಲ್ಲ ಹೇಳಿದರು. ನಾನೂ ಯೋಚಿಸದೆ 8ಕ್ಕೆ ಹೋದೆ. ರೀಮ್ಯಾಪ್ ಮಾಡಿಕೊಟ್ಟವರನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಕೇಳಿದಾಗ ಅವರು ಹೇಳಿದ್ದು: "ಸ್ಟೇಜ್ 1ಕ್ಕೆ 7 ಸಾಕು ಸರ್, ಗ್ಯಾಪ್ 0.7 ಇಡಿ, ಅಷ್ಟೇ." ನನ್ನ ಓಡಾಟಕ್ಕೂ ಅದೇ ಸರಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದಿನಾ ಎಂಟು ಕಿಮೀ ಹೋಗಿ ನಿಲ್ಲುವ ಗಾಡಿಗೆ ತಣ್ಣಗಿನ ಪ್ಲಗ್ ಹಾಕಿದರೆ ಅಷ್ಟು ಬಿಸಿಯಾಗುವ ಮೊದಲೇ ಆಫೀಸ್ ಬಂದಿರುತ್ತದೆ. ಟ್ರ್ಯಾಕಿಗೆ ಹೋಗುವವರ ಲೆಕ್ಕ ಬೇರೆ, ನನ್ನದು ಬೇರೆ.

22 ಸೆಪ್ಟೆಂಬರ್, ಮೊದಲ ಪ್ರಯತ್ನ

ಆನ್‌ಲೈನ್‌ನಲ್ಲಿ 8ನೇ ರೇಂಜಿನ ಇರಿಡಿಯಂ ನಾಲ್ಕು ತರಿಸಿದೆ. ಒಂದಕ್ಕೆ 520, ಒಟ್ಟು 2,080 ರೂಪಾಯಿ. ಬೇರೆ ಕಡೆಗಿಂತ ಇನ್ನೂರು ಮುನ್ನೂರು ಕಮ್ಮಿ. ಅಲ್ಲೇ ಅನುಮಾನ ಬರಬೇಕಿತ್ತು.

ಟಾರ್ಕ್ ರೆಂಚ್ ಇರಲಿಲ್ಲ, ಕೈ ಅಂದಾಜಿನಲ್ಲಿ ಬಿಗಿ ಮಾಡಿದೆ. ಗ್ಯಾಪ್ ಅಳೆಯಲಿಲ್ಲ, ಡಬ್ಬದ ಮೇಲೆ 0.8 ಎಂದಿತ್ತು, ನಂಬಿದೆ. ಮೊದಲ ಎರಡು ದಿನ ಎಂಜಿನ್ ನುಣ್ಣಗಿತ್ತು. ಮೂರನೇ ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಡೀ ಗಾಡಿ ನಡುಗುತ್ತಿತ್ತು, ಅರ್ಧ ನಿಮಿಷದ ಮೇಲೆ ಸರಿಹೋಗುತ್ತಿತ್ತು. ಸಕಲೇಶಪುರದ ಕಡೆ ಹೈವೇಯಲ್ಲಿ ಜೋರು ಒತ್ತಿದರೆ ಮತ್ತೆ ಜರ್ಕ್. ಈ ಸಲ ಕೋಡ್ ಪಿ0302, ಪಿ0303.

29 ಸೆಪ್ಟೆಂಬರ್, ಡೂಪ್ಲಿಕೇಟ್

ಬಿಚ್ಚಿದಾಗ ಒಂದನೇ ಪ್ಲಗ್ ಬೆರಳಲ್ಲೇ ತಿರುಗುವಷ್ಟು ಸಡಿಲ, ನಾಲ್ಕನೆಯದು ರಾಡ್ ಬಗ್ಗುವಷ್ಟು ಬಿಗಿ. ನನ್ನ ಕೈ ಅಂದಾಜಿನ ಬೆಲೆ ಅಷ್ಟು. ನಾಲ್ಕೂ ಪ್ಲಗ್ ಕಪ್ಪು, ಒಣ ಮಸಿ.

ಮಲ್ಟಿಮೀಟರ್ ತಂದು ಮೇಲಿನ ತುದಿಯಿಂದ ಕೆಳಗಿನ ನಡು ತುದಿಯವರೆಗೆ ಓಮ್ ಅಳೆದೆ. ರೆಸಿಸ್ಟರ್ ಪ್ಲಗ್ ಆದರೆ 5 ಕಿಲೋ ಓಮ್ ಆಸುಪಾಸು ಬರಬೇಕು. ಬಂದದ್ದು: ಎರಡರಲ್ಲಿ ಹತ್ತಿರ ಹತ್ತಿರ ಸೊನ್ನೆ, ಒಂದರಲ್ಲಿ 19 ಕಿಲೋ ಓಮ್, ಇನ್ನೊಂದರಲ್ಲಿ ಏನೂ ಇಲ್ಲ, ಲೈನೇ ಕಟ್. ಹಳೆಯ, 58,000 ಕಿಮೀ ಓಡಿದ ಪ್ಲಗ್ ಅಳೆದರೆ ನಾಲ್ಕೂ 4.5ರಿಂದ 5.2ರ ಒಳಗೆ!

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಿಳಿ ಪಿಂಗಾಣಿಯ ಮೇಲಿನ ಅಕ್ಷರ ಪೆಟ್ರೋಲ್ ಬಟ್ಟೆಯಲ್ಲಿ ಉಜ್ಜಿದರೆ ಹೋಯಿತು. ಇರಿಡಿಯಂ ತುದಿ 0.6 ಎಂಎಂ ಇರಬೇಕು, ಸೂಜಿಯ ಹಾಗೆ ಸಣ್ಣ. ಇದರದು ಎರಡು ಪಟ್ಟು ದಪ್ಪ. ವಾಷರ್ ಸುಮ್ನೆ ಕೈಯಲ್ಲಿ ಜಾರಿ ಬರುತ್ತಿತ್ತು. ಷಡ್ಭುಜದ ಮೇಲೆ ಲಾಟ್ ನಂಬರೇ ಇಲ್ಲ. ಡೂಪ್ಲಿಕೇಟ್. ಮಾರಿದವರು ಫಿಟ್ ಮಾಡಿದ ಮಾಲು ವಾಪಸ್ ತಗೊಳ್ಳಲಿಲ್ಲ. 2,080 ಹೋಯಿತು.

ಒಂದು ಮಾತು. ಈ ಮಸಿ ನೋಡಿ "8ನೇ ರೇಂಜ್ ಕೆಟ್ಟದ್ದು" ಎಂದು ನಾನು ಹೇಳುವ ಹಾಗಿಲ್ಲ. ಅದು 8 ಆಗಿತ್ತೋ ಇಲ್ಲವೋ ಯಾರಿಗೆ ಗೊತ್ತು. 7ಕ್ಕೆ ವಾಪಸ್ ಬಂದದ್ದು ಬೇರೆ ಕಾರಣಕ್ಕೆ, ಅದನ್ನು ಮೇಲೆ ಹೇಳಿದ್ದೇನೆ.

ಹಳೆಯ ಪ್ಲಗ್‌ಗಳೇ ಮತ್ತೆ ಒಳಗೆ ಹೋದವು.

5 ಅಕ್ಟೋಬರ್, ಜೆ.ಸಿ. ರೋಡ್

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಂಗಳೂರು, ಅಲ್ಲಿಂದ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡ್. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಅದಕ್ಕೇ ಒಂದು ರಜೆ ಹಾಕಿದೆ. ಕೈಯಲ್ಲಿ ಮಲ್ಟಿಮೀಟರ್ ಇತ್ತು. ಮೂರು ಅಂಗಡಿ ಕೇಳಿ, ಅಳೆದು ನೋಡಲು ಬಿಡುತ್ತೇವೆ ಎಂದ ಅಂಗಡಿಯಲ್ಲಿ ಬಿಕೆಆರ್7ಇಐಎಕ್ಸ್ ತಗೊಂಡೆ. ಒಂದಕ್ಕೆ 790, ನಾಲ್ಕಕ್ಕೆ 3,160. ನಾಲ್ಕೂ 5 ಕಿಲೋ ಓಮ್ ಹತ್ತಿರ. ತುದಿ ಸಣ್ಣದು, ಅಕ್ಷರ ಉಜ್ಜಿದರೆ ಹೋಗಲಿಲ್ಲ, ಲಾಟ್ ನಂಬರ್ ಇದೆ. ಅಂಗಡಿಯ ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. "ನೋಡ್ಕೊಂಡೇ ತಗೊಳ್ಳಿ ಸರ್, ಡೂಪ್ಲಿಕೇಟ್ ಬಹಳ ಬರ್ತಿದೆ" ಎಂದರು.

ಅಲ್ಲಿಂದ ಎಸ್.ಜೆ.ಪಿ. ರೋಡಿಗೆ ಹೋಗಿ ಟಾರ್ಕ್ ರೆಂಚ್ ಹುಡುಕಿದೆ. ಎಲ್ಲರೂ ತೋರಿಸುವುದು ಅರ್ಧ ಇಂಚಿನ, 28ರಿಂದ 210 ನ್ಯೂಟನ್ ಮೀಟರಿನದು. ವೀಲ್ ನಟ್ಟಿಗೆ ಅದು ಸರಿ. ಪ್ಲಗ್ಗಿಗೆ ಬೇಕಾದದ್ದು 25, ಅದು ಆ ರೆಂಚಿನಲ್ಲಿ ಇಲ್ಲವೇ ಇಲ್ಲ. 3/8 ಇಂಚಿನ, 5ರಿಂದ 60ರವರೆಗಿನದು 2,850ಕ್ಕೆ ಸಿಕ್ಕಿತು. ಗ್ಯಾಪ್ ಅಳೆಯುವ ತಂತಿ ಗೇಜ್ 190. ಕಾಯಿಲ್ ರಬ್ಬರಿಗೆ ಹಚ್ಚುವ ಡೈಎಲೆಕ್ಟ್ರಿಕ್ ಗ್ರೀಸ್ ಒಂದು ಟ್ಯೂಬ್ 280. ಬಸ್ಸು, ಆಟೋ, ಊಟ ಸೇರಿ 750.

6 ಅಕ್ಟೋಬರ್, ಎರಡನೇ ಪ್ರಯತ್ನ

ಈ ಸಲ ಅವಸರ ಮಾಡಲಿಲ್ಲ.

ಗ್ಯಾಪ್: ಡಬ್ಬದಿಂದ ತೆಗೆದಾಗ ಮೂರು 0.8, ಒಂದು 0.75. ನಾಲ್ಕನ್ನೂ 0.7ಕ್ಕೆ ತಂದೆ. ಬಗ್ಗಿಸುವುದು ಪಕ್ಕದ ಕೊಕ್ಕೆಯನ್ನು ಮಾತ್ರ, ನಡುವಿನ ಇರಿಡಿಯಂ ತುದಿಗೆ ಏನೂ ತಾಗಬಾರದು. ನಾಣ್ಯದ ಆಕಾರದ ಗೇಜ್ ಇರುತ್ತದಲ್ಲ, ಅದನ್ನು ತುದಿಗೆ ಆನಿಸಿ ಮೀಟಿದರೆ ಇರಿಡಿಯಂ ಮುರಿದೇ ಹೋಗುತ್ತದೆ. ತಂತಿ ಗೇಜ್ ತಗೊಂಡದ್ದು ಅದಕ್ಕೇ. ಕೊಕ್ಕೆಯ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟುತ್ತಾ, ಪ್ರತಿ ಸಲ ಅಳೆಯುತ್ತಾ ಹೋದೆ. ಎರಡನೇ ಪ್ಲಗ್ 0.6ಕ್ಕೆ ಹೋಯಿತು, ಅದನ್ನು ಸಣ್ಣ ಇಕ್ಕಳದಲ್ಲಿ ವಾಪಸ್ ಎತ್ತಿದೆ. ಹೀಗೆ ಹಿಂದೆ ಮುಂದೆ ಬಹಳ ಸಲ ಬಗ್ಗಿಸಬಾರದು, ಕೊಕ್ಕೆ ಬುಡದಲ್ಲಿ ದುರ್ಬಲವಾಗುತ್ತದೆ.

ಕೂರಿಸುವುದು: ಒಂದು ಅಡಿ ಪೆಟ್ರೋಲ್ ಪೈಪ್ ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಅದರಿಂದಲೇ ಗುಂಡಿಗೆ ಇಳಿಸಿ ಬೆರಳಲ್ಲಿ ತಿರುಗಿಸಿದೆ. ಥ್ರೆಡ್ ಓರೆಯಾಗಿ ಹಿಡಿದರೆ ರಬ್ಬರ್ ಜಾರುತ್ತದೆ, ಕೈಗೆ ತಕ್ಷಣ ಗೊತ್ತಾಗುತ್ತದೆ. ಸಾಕೆಟ್ ಹಾಕಿ ಶುರು ಮಾಡಿದರೆ ಓರೆಯಾದರೂ ಬಲದಿಂದ ಹೋಗಿಬಿಡುತ್ತದೆ, ಆಮೇಲೆ ಹೆಡ್ ಬಿಚ್ಚುವ ಪ್ರಸಂಗ ಬರುತ್ತದೆ.

ಬಿಗಿ: ಥ್ರೆಡ್ ಒಣಗಿದ್ದಂತೆಯೇ 25 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್, ಆಂಟಿ ಸೀಝ್ ಏನೂ ಹಚ್ಚಲಿಲ್ಲ. ಎನ್‌ಜಿಕೆಯವರೇ ಬೇಡ ಎನ್ನುತ್ತಾರೆ, ಪ್ಲಗ್ ಮೇಲೆ ಆಗಲೇ ಲೇಪ ಇದೆ, ಮೇಲೆ ಜಾರುವ ಪದಾರ್ಥ ಹಚ್ಚಿದರೆ ಅದೇ 25ಕ್ಕೆ ನಿಜವಾದ ಬಿಗಿ ಬಹಳ ಜಾಸ್ತಿಯಾಗುತ್ತದೆ. ಟಾರ್ಕ್ ರೆಂಚ್ ಇಲ್ಲದವರಿಗೆ: ಹೊಸ ಪ್ಲಗ್ ಬೆರಳಲ್ಲಿ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು. ಒಮ್ಮೆ ಬಳಸಿ ಬಿಚ್ಚಿದ ಪ್ಲಗ್ ಆದರೆ ವಾಷರ್ ಆಗಲೇ ಅಮುಕಿರುತ್ತದೆ, ಆಗ ಹನ್ನೆರಡನೇ ಒಂದು ಸುತ್ತು ಮಾತ್ರ.

ರಬ್ಬರಿನ ಒಳಬಾಯಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ ಕಾಯಿಲ್ ಕೂರಿಸಿದೆ. ಸ್ಟಾರ್ಟ್. ಐಡಲ್ ನೀರಿನ ಹಾಗಿತ್ತು. ಅಷ್ಟು ಖುಷಿಯಾಯಿತು.

ಸಂಜೆ ಹೈವೇಗೆ ಹೋದೆ. ಎರಡನೇ ಗೇರ್ ಸರಿ. ಮೂರನೇ ಗೇರ್, ಪೂರ್ತಿ ಒತ್ತು, 3,500 ದಾಟಿದಾಗ ಮತ್ತೆ ಅದೇ ಜರ್ಕ್. ಮೊದಲಿನಷ್ಟು ಇಲ್ಲ, ಆದರೆ ಇದೆ. ಕೋಡ್ ಪಿ0303. ಒಂದೇ.

ಗಾಡಿ ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒರಿಜಿನಲ್ ಪ್ಲಗ್, ಸರಿಯಾದ ಗ್ಯಾಪ್, ಸರಿಯಾದ ಬಿಗಿ. ಇನ್ನೇನು ಉಳಿದಿದೆ?

11 ಅಕ್ಟೋಬರ್, ಆಯುಧ ಪೂಜೆ

ಗಾಡಿ ತೊಳೆದು ಹೂವು ಹಾಕಿ ಪೂಜೆ ಮಾಡಿದೆವು. ಬೀದಿ ಕೊನೆಯ ಗ್ಯಾರೇಜಿನಲ್ಲೂ ಪೂಜೆ, ಪುರಿ, ಸಿಹಿ ಕೊಟ್ಟರು. ಅಲ್ಲಿನ ಮೆಕ್ಯಾನಿಕ್ ಅಣ್ಣ ಹೆಚ್ಚಾಗಿ ಜೀಪು, ಟ್ರ್ಯಾಕ್ಟರ್ ಕೆಲಸ ಮಾಡುವವರು. ಮಾತಿಗೆ ಮಾತು ಬಂದು ನನ್ನ ಕಥೆ ಹೇಳಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಮೊದ್ಲು ಬಂದಿದ್ದು ನಾಕ್ನೇದು ಅಂದ್ರಿ. ಈಗ ಮೂರ್ನೇದು ಅಂತೀರ. ಪ್ಲಗ್ ಬಿಚ್ಚಿದ್ಮೇಲೆ ನಂಬರ್ ಯಾಕ್ ಬದ್ಲಾಯ್ತು ಸರ್? ಕಾಯಿಲ್ ಅದ್ಲು ಬದ್ಲು ಮಾಡಿ ನೋಡಿದ್ರಾ?"

ನೋಡಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. 8 ಸೆಪ್ಟೆಂಬರ್: 4. ಆಮೇಲಿನ ಎರಡೂ ಸಲ 3 ಇದೆ. ನನ್ನದೇ ಅಕ್ಷರದಲ್ಲಿ ಬರೆದಿತ್ತು. ನಾಲ್ಕನೆಯದರ ತೊಂದರೆ ಪ್ಲಗ್ಗಿನದು, ಗ್ಯಾಪ್ ಸರಿ ಮಾಡಿದ ದಿನವೇ ಹೋಗಿದೆ. ಮೂರನೆಯದು ಅದೇ ದಿನ ಹೊಸದಾಗಿ ಹುಟ್ಟಿದ ತೊಂದರೆ.

13 ಅಕ್ಟೋಬರ್, ಬಿರುಕು ಸಿಕ್ಕಿತು

ಕಾಯಿಲ್ 3ನ್ನು 2ರ ಜಾಗಕ್ಕೆ, 2ನ್ನು 3ರ ಜಾಗಕ್ಕೆ ಹಾಕಿದೆ. ಪ್ಲಗ್ ಮುಟ್ಟಲಿಲ್ಲ. ಕೋಡ್ ಅಳಿಸಿ ಹೈವೇಗೆ ಹೋಗಿ ಒತ್ತಿದೆ. ಪಿ0302. ತೊಂದರೆ ಕಾಯಿಲ್ ಜೊತೆ ಹೋಯಿತು. ಹತ್ತು ನಿಮಿಷದ ಪರೀಕ್ಷೆ, ಒಂದು ರೂಪಾಯಿ ಖರ್ಚಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಆ ಕಾಯಿಲ್ ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಪಕ್ಕದಲ್ಲೇ ಸ್ಕ್ರೂಡ್ರೈವರ್ ಒತ್ತಿದ ಗುರುತು. ಬಿರುಕಿನ ಉದ್ದಕ್ಕೂ ಬೂದು ಬಣ್ಣದ ಗೆರೆ, ಕಿಡಿ ಅಲ್ಲಿಂದ ಹೊರಗೆ ಹಾರಿ ಹೆಡ್ಡಿಗೆ ಹೋಗುತ್ತಿತ್ತು. 15 ಸೆಪ್ಟೆಂಬರಿನ "ಕಟ್" ಶಬ್ದ ಇದೇ. ನಿಧಾನ ಓಡಿಸುವಾಗ ವೋಲ್ಟೇಜ್ ಕಮ್ಮಿ ಸಾಕು, ಕಿಡಿ ಪ್ಲಗ್ಗಿನಲ್ಲೇ ಹಾರುತ್ತದೆ. ಬೂಸ್ಟ್ ಏರಿದಾಗ ಪ್ಲಗ್ಗಿಗಿಂತ ಬಿರುಕಿನ ದಾರಿ ಸುಲಭವಾಗುತ್ತದೆ. ಗ್ಯಾಪ್ 0.7ಕ್ಕೆ ಇಳಿಸಿದ ಮೇಲೆ ಮಿಸ್ ಸ್ವಲ್ಪ ಕಮ್ಮಿಯಾದದ್ದೂ ಅದಕ್ಕೇ.

ಕಾಯಿಲ್ ಮೇಲಿನ ಪಾರ್ಟ್ ನಂಬರ್ ಪೂರ್ತಿ ಹೊಂದಿಸಿ ಒಂದು ಆರ್ಡರ್ ಮಾಡಿದೆ. 3,350 ರೂಪಾಯಿ. ಟೇಪ್ ಸುತ್ತಿ ನೋಡೋಣ ಎಂದು ಮನಸ್ಸಿಗೆ ಬಂದಿತ್ತು, ಮಾಡಲಿಲ್ಲ. ಆ ವೋಲ್ಟೇಜಿಗೆ ಟೇಪ್ ನಿಲ್ಲುವುದಿಲ್ಲ.

ಕಾಯುವ ವಾರದಲ್ಲಿ ದಪ್ಪ ಜಿಐ ತಂತಿಯಿಂದ ಎರಡು ಕೊಕ್ಕೆ ಬಗ್ಗಿಸಿ, ಮರದ ಹಿಡಿಗೆ ಕಟ್ಟಿ ಪುಲ್ಲರ್ ಮಾಡಿದೆ. ಕಾಯಿಲ್ ತಲೆಯ ಎರಡೂ ಅಂಚಿಗೆ ಸಿಕ್ಕಿಸಿ ನೇರ ಮೇಲಕ್ಕೆ ಎಳೆಯುವುದು, ಮೀಟುವುದಿಲ್ಲ. ಇನ್ನೊಂದು ಉಪಾಯ: ಎಂಜಿನ್ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ರಬ್ಬರ್ ಮೆತ್ತಗಾಗಿ ಕಾಯಿಲ್ ಸುಲಭವಾಗಿ ಬರುತ್ತದೆ. ಕಾಯಿಲ್ ತೆಗೆದಿಟ್ಟು, ಪ್ಲಗ್ ಮುಟ್ಟುವ ಮೊದಲು ಮತ್ತೆ ಪೂರ್ತಿ ತಣ್ಣಗಾಗಲು ಬಿಡಿ.

20 ಅಕ್ಟೋಬರ್, ಮತ್ತೆ ಶಿರಾಡಿ

ಬೆಳಿಗ್ಗೆ ಹೊಸ ಕಾಯಿಲ್ ಹಾಕಿದೆ, ಐದು ನಿಮಿಷ. ಸ್ನೇಹಿತರೊಬ್ಬರು ಲ್ಯಾಪ್‌ಟಾಪ್ ಮತ್ತು ವಿಸಿಡಿಎಸ್ (ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳ ತಪಾಸಣೆ ಸಾಫ್ಟ್‌ವೇರ್) ಕೇಬಲ್ ತಂದರು. ಅಳತೆ ಬ್ಲಾಕ್ 15 ಮತ್ತು 16ರಲ್ಲಿ ಪ್ರತಿ ಸಿಲಿಂಡರಿನ ಮಿಸ್ ಎಣಿಕೆ ಕಾಣುತ್ತದೆ. ದೋಣಿಗಲ್ ಇಳಿದು ಗುಂಡ್ಯಕ್ಕೆ ಹೋಗಿ, ಟೀ ಕುಡಿದು ವಾಪಸ್ ಹತ್ತಿದೆವು. ದಾರಿ ಖಾಲಿ ಇದ್ದ ಕಡೆ ಮೂರನೇ ಗೇರ್, 2,000ದಿಂದ ಪೂರ್ತಿ ಒತ್ತಿದೆ. 3,000, 3,500, 4,500. ಒಂದೇ ಎಳೆತ. ಪಕ್ಕದಲ್ಲಿ ಅವರು ಜೋರಾಗಿ ಓದುತ್ತಿದ್ದರು: "ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ." ಮೂರು ಸಲ ಮಾಡಿದೆವು, ಮೂರು ಸಲವೂ ಸೊನ್ನೆ.

ಖರ್ಚು

ಡೂಪ್ಲಿಕೇಟ್ ಪ್ಲಗ್ – 2,080
16 ಎಂಎಂ ಸಾಕೆಟ್ – 340
ಒರಿಜಿನಲ್ ಪ್ಲಗ್ 4 – 3,160
ಟಾರ್ಕ್ ರೆಂಚ್ – 2,850
ತಂತಿ ಗೇಜ್ – 190
ಗ್ರೀಸ್ – 280
ಕಾಯಿಲ್ – 3,350
ಬೆಂಗಳೂರು ಓಡಾಟ – 750
ಒಟ್ಟು – 13,000

ಇದರಲ್ಲಿ ಡೂಪ್ಲಿಕೇಟ್ ಪ್ಲಗ್ ಮತ್ತು ಕಾಯಿಲ್ ಸೇರಿ 5,430 ಪೂರ್ತಿ ನನ್ನ ತಪ್ಪಿನ ಬೆಲೆ. ಟೂಲ್‌ಗಳದ್ದು ನಷ್ಟ ಅಲ್ಲ, ಮುಂದೆಯೂ ಬೇಕಾಗುತ್ತವೆ.

12 ಜನವರಿ 2025, 3,400 ಕಿಮೀ ನಂತರ

ಒಮ್ಮೆ ಬಿಚ್ಚಿ ನೋಡಿದೆ. ನಾಲ್ಕೂ ಒಂದೇ ಬಣ್ಣ, ತಿಳಿ ಕಂದು, ಅಂಚಿನಲ್ಲಿ ಸ್ವಲ್ಪ ಮಸಿ. ಗ್ಯಾಪ್ ನಾಲ್ಕರಲ್ಲೂ 0.7. ಆಫೀಸಿನ ಸಣ್ಣ ಓಡಾಟಕ್ಕೂ 7ನೇ ರೇಂಜ್ ಸರಿಹೋಗಿದೆ. ಹನ್ನೆರಡನೇ ಒಂದು ಸುತ್ತಿನ ಲೆಕ್ಕದಲ್ಲಿ ವಾಪಸ್ ಬಿಗಿ ಮಾಡಿದೆ. ಇನ್ನು 15,000ಕ್ಕೆ ಗ್ಯಾಪ್ ನೋಡುವುದು, 30,000ಕ್ಕೆ ಬದಲಾಯಿಸುವುದು.

ಬಾಕಿ ಇರುವುದು ಒಂದನೇ ಕನೆಕ್ಟರಿನ ಮುರಿದ ಲಾಕ್. ಸದ್ಯಕ್ಕೆ ಜಿಪ್ ಟೈ ಹಾಕಿ ಬಿಗಿದಿದ್ದೇನೆ, ಅಲ್ಲಾಡುತ್ತಿಲ್ಲ. ವೈರ್ ಕತ್ತರಿಸದೆ ಪಿನ್‌ಗಳನ್ನು ಹೊರತೆಗೆದು ಹೊಸ ಕನೆಕ್ಟರಿನ ಪ್ಲಾಸ್ಟಿಕ್ ಕವಚಕ್ಕೆ ಕೂರಿಸಬೇಕು. ಹೊರಗಿನ ಪ್ಲಾಸ್ಟಿಕ್ ಮಾತ್ರ ಬಿಡಿಯಾಗಿ ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದವರು ಹೇಳಿ, ನಾಲ್ಕಕ್ಕೂ ಒಟ್ಟಿಗೆ ತರಿಸಿಬಿಡುತ್ತೇನೆ.